ಐವತ್ತು ದಾಟಿದ ಕಿವಿ, ಮುಂದಿನ ಸಾಲಿನ ಕುರ್ಚಿ

ಪ್ರಶ್ನೆ: ನನಗೆ 53 ವರ್ಷ. ತೀರ್ಥಹಳ್ಳಿ ಹತ್ತಿರದ ಹಳ್ಳಿಯೊಂದರಲ್ಲಿ ಪ್ರಾಥಮಿಕ ಶಾಲೆಯ ಶಿಕ್ಷಕಿ. ಚಿಕ್ಕವಳಿದ್ದಾಗ ಅಪ್ಪನ ಜೊತೆ ಬ್ಯಾಟರಿ ಹಿಡಿದು ನಡೆದುಕೊಂಡು ಹೋಗಿ ಬೆಳತನಕ ಯಕ್ಷಗಾನ ನೋಡಿದವಳು. ಶಿವಮೊಗ್ಗದಲ್ಲಿ ಬಿ.ಎ. ಓದುವಾಗ ಸುಗಮ ಸಂಗೀತ ಎಲ್ಲಿದ್ದರೂ ನಾವು ಮೂವರು ಗೆಳತಿಯರು ಮುಂದಿನ ಸಾಲಿನಲ್ಲೇ ಇರುತ್ತಿದ್ದೆವು. ಹೋದ ತಿಂಗಳು ಮಗಳು ಹಟ ಮಾಡಿ ಒಂದು ಬಯಲು ಕಾರ್ಯಕ್ರಮಕ್ಕೆ ಕರೆದುಕೊಂಡು ಹೋದಳು. ಅರ್ಧ ಗಂಟೆಗೆ ತಡೆಯಲಾರದೆ ಎದ್ದು ಬಂದು ಕಾರಿನಲ್ಲಿ ಕೂತೆ. ಎರಡು ದಿನ ಕಿವಿಯಲ್ಲಿ ಗುಂಯ್ ಅನ್ನುತ್ತಿತ್ತು. ಸಂಗೀತ ಕಛೇರಿಗೆ ಹೋದರೂ ಹೀಗೇ. ದನಿ ಕೇಳಿಸುತ್ತದೆ, ಸಾಹಿತ್ಯ ಬಿಡಿಸಿ ಕೇಳಿಸುವುದಿಲ್ಲ. ಒಂಬತ್ತೂವರೆ ಆಯಿತೆಂದರೆ ಮನೆ ನೆನಪಾಗುತ್ತದೆ. ಆದರೆ ಮೊದಲು ಬೇಸರ ತರಿಸುತ್ತಿದ್ದ ಆಲಾಪನೆಗೆ ಈಗ ಕಣ್ಣಲ್ಲಿ ನೀರು ಬರುತ್ತದೆ. 'ಅಮ್ಮ, ನಿಂಗೆ ವಯಸ್ಸಾಯ್ತು' ಎಂದು ಮಗಳು ಅಂದದ್ದು ಮನಸ್ಸಿಗೆ ನಾಟಿದೆ. ನನ್ನ ಸಂಗೀತದ ಹುಚ್ಚು ಹೋಗಿಬಿಟ್ಟಿತೇ ಡಾಕ್ಟರೇ?

ಉತ್ತರ: ಮೇಡಂ, ಗುಂಯ್ ಸದ್ದಿನ ವಿಷಯ ಮೊದಲು ಹೇಳಿಬಿಡುತ್ತೇನೆ, ಉಳಿದದ್ದಕ್ಕೆ ನಿಧಾನವಾಗಿ ಬರೋಣ. ಅಬ್ಬರದ ಕಾರ್ಯಕ್ರಮದಿಂದ ಬಂದ ಮೇಲೆ ಕಿವಿ ಮೊರೆಯುವುದು, ಹತ್ತಿ ತುರುಕಿದ ಹಾಗೆ ಆಗುವುದು ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ಇಳಿಯುತ್ತದೆ. ನಿಮ್ಮದು ಇಳಿದಿದೆ. ಆದರೆ ಒಂದು ಕಿವಿ ಇದ್ದಕ್ಕಿದ್ದಂತೆ ಮಂದವಾದರೆ, ಅದು ಗದ್ದಲದಿಂದ ಆಗಿರಲಿ, ಕಾರಣವೇ ಇಲ್ಲದೆ ಬೆಳಿಗ್ಗೆ ಏಳುವಾಗ ಆಗಿರಲಿ, ಶೀತ ಎಂದುಕೊಂಡು ಬಿಸಿ ಎಣ್ಣೆ ಬಿಟ್ಟುಕೊಂಡು ಕೂರಬೇಡಿ. ಅದೇ ದಿನ, ಹೆಚ್ಚೆಂದರೆ ಮಾರನೇ ದಿನ ಕಿವಿಯ ವೈದ್ಯರ ಹತ್ತಿರ ಹೋಗಬೇಕು. ಅದಕ್ಕೆ ಕೊಡುವ ಸ್ಟಿರಾಯ್ಡ್ ಚಿಕಿತ್ಸೆ ಮೊದಲ ಕೆಲವು ದಿನಗಳಲ್ಲೇ ಶುರುವಾದರೆ ಕಿವಿ ಮರಳುವ ಸಾಧ್ಯತೆ ಹೆಚ್ಚು. ವಾರಗಟ್ಟಲೆ ಕಳೆದು ಬಂದವರಿಗೆ ನಾವು ಮಾಡಬಹುದಾದದ್ದು ತೀರಾ ಕಡಿಮೆ. ಘಟ್ಟದ ಅಂಚಿನ ಹಳ್ಳಿಗಳಿಂದ ಹಾಗೆ ತಡವಾಗಿ ಬಂದವರನ್ನು ಎದುರು ಕೂರಿಸಿಕೊಂಡು ಸಂಕಟಪಟ್ಟಿದ್ದೇನೆ. ಅದಕ್ಕೇ ಯಾರು ಕಿವಿಯ ಮಾತೆತ್ತಿದರೂ ಇದನ್ನು ಮೊದಲು ಹೇಳುವುದು.

ಈಗ ನಿಮ್ಮ ಪ್ರಶ್ನೆ. ಹುಚ್ಚು ಹೋಗಿಲ್ಲ. ಹೋಗಿದ್ದರೆ ಕಾರಿನಲ್ಲಿ ಕೂತು ಇಷ್ಟು ಯೋಚನೆ ಮಾಡುತ್ತಿರಲಿಲ್ಲ, ನೆಮ್ಮದಿಯಾಗಿ ನಿದ್ದೆ ಹೊಡೆಯುತ್ತಿದ್ದಿರಿ. ಆಗಿರುವುದು ಬೇರೆ. ಕಿವಿಯಲ್ಲಿ ಆದ ಬದಲಾವಣೆಯನ್ನು ನೀವು ಮನಸ್ಸಿನ ಮೇಲೆ ಹಾಕಿಕೊಂಡಿದ್ದೀರಿ. ಇದು ನೀವೊಬ್ಬರೇ ಮಾಡಿಕೊಂಡ ತಪ್ಪಲ್ಲ. ಜೀವಮಾನವಿಡೀ ಸಂಗೀತದಲ್ಲೇ ಬದುಕಿದವರೂ ಹೀಗೆ ದಾರಿ ತಪ್ಪಿದ್ದನ್ನು ಕಂಡಿದ್ದೇನೆ.

ಅರವತ್ತೆಂಟರ ಹಿರಿಯರೊಬ್ಬರು, ನೂರಾರು ಮಕ್ಕಳಿಗೆ ಪಾಠ ಹೇಳಿದ ಸಂಗೀತದ ಟೀಚರ್, ಗಂಟಲು ಕಟ್ಟಿದೆ ಎಂದು ನನ್ನ ಬಳಿ ಬಂದಿದ್ದರು. ಗಂಟಲಿನದು ಸಣ್ಣ ತೊಂದರೆ. ಹೊರಡುವಾಗ ಸುಮ್ಮನೆ ಮಾತಿಗೆ ಎಂಬಂತೆ, 'ನನ್ನ ತಂಬೂರಿಯ ನಾದವೇ ಹೊರಟುಹೋಗಿದೆ ಡಾಕ್ಟ್ರೇ, ಎಷ್ಟು ಮಾಡಿದ್ರೂ ಜೀವಾಳ ಕೂರ್ತಾ ಇಲ್ಲ' ಎಂದರು. ತಂಬೂರಿಯಲ್ಲಿ ತಂತಿಗಳನ್ನು ಎತ್ತಿ ಹಿಡಿಯುವ ಸಣ್ಣ ಪಟ್ಟಿಗೆ ಕುದುರೆ ಎನ್ನುತ್ತಾರೆ. ಜೀವಾಳ ಎಂದರೆ ಆ ಕುದುರೆಯ ಮೇಲೆ ತಂತಿಯ ಕೆಳಗೆ ಇಡುವ ದಾರ. ಅದನ್ನು ಕೂದಲೆಳೆಯಷ್ಟು ಹಿಂದೆ ಮುಂದೆ ಸರಿಸಿದರೆ ಒಂದು ಜಾಗದಲ್ಲಿ ತಂತಿ ಝೇಂಕರಿಸತೊಡಗುತ್ತದೆ. ಅವರು ದಾರವನ್ನು ನಾಲ್ಕು ಸಲ ಬದಲಿಸಿದ್ದರು. ತಂತಿ ಹೊಸದು ಹಾಕಿಸಿದ್ದರು. ಕುದುರೆಯನ್ನೇ ಬಿಚ್ಚಿಸಿ ಉಜ್ಜಿಸಿದ್ದರು. ನನಗೆ ಅನುಮಾನ ಬಂದು ಒಂದು ಸಂಜೆ ಅವರ ಮನೆಗೆ ಹೋದೆ. ಅವರು ಗೋಡೆಗೊರಗಿ ಕೂತು ತಂಬೂರಿ ಮೀಟಿದರು. ನಾಲ್ಕು ತಂತಿ: ಪಂಚಮ, ಸಾರಣೆ, ಅನುಸಾರಣೆ, ಮಂದ್ರ. ನನಗೆ ಕೇಳಿಸಿದ್ದು ತುಂಬಿದ ನಾದ, ಮೇಲುಗಡೆ ಜೇನುಹುಳ ಹಾರಿದ ಹಾಗೆ ಮಿನುಗುವ ಝೇಂಕಾರ. ಅವರು ತಲೆ ಅಲ್ಲಾಡಿಸಿ, 'ನೋಡಿ, ಮರ ಬಡಿದ ಹಾಗಿದೆ' ಎಂದರು. ಪಾಠಕ್ಕೆ ಬಂದಿದ್ದ ಹನ್ನೊಂದು ಹನ್ನೆರಡು ವರ್ಷದ ಹುಡುಗಿ ಮೆಲ್ಲಗೆ, 'ಚೆನ್ನಾಗೇ ಬರ್ತಾ ಇದೆಯಲ್ಲ ಮಿಸ್' ಎಂದಳು.

ಮಾರನೇ ವಾರ ಅವರ ಕಿವಿ ಪರೀಕ್ಷೆ ಮಾಡಿದೆವು. ಆಡಿಯೋಗ್ರಾಂ ಎಂದರೆ ಯಾವ ಸ್ವರ ಎಷ್ಟು ಕೇಳುತ್ತದೆ ಎಂದು ಗೆರೆ ಎಳೆದು ತೋರಿಸುವ ಕಾಗದ; ಸ್ವರ ಎಷ್ಟು ಮೇಲಿನದು ಎನ್ನುವುದರ ಅಳತೆ ಹರ್ಟ್ಸ್. ಆ ಕಾಗದದಲ್ಲಿ ಗೆರೆ 1000 ಹರ್ಟ್ಸ್‌ವರೆಗೆ ಚೆನ್ನಾಗಿತ್ತು, 2000ದಿಂದ ಇಳಿಯತೊಡಗಿ 4000, 8000ಕ್ಕೆ ಬರುವಾಗ ಆಗುಂಬೆ ಘಾಟಿಯ ಹಾಗೆ ಕೆಳಗೆ ಹೋಗಿತ್ತು. ತಂಬೂರಿಯ ಮೂಲ ಸ್ವರ ಕೆಲವೇ ನೂರು ಹರ್ಟ್ಸ್‌ನದು. ಅದು ಅವರಿಗೆ ಸರಿಯಾಗೇ ಕೇಳುತ್ತಿತ್ತು. ಆದರೆ ಜೀವಾಳದಿಂದ ಹುಟ್ಟುವ ಆ ಮಿನುಗು ಇದೆಯಲ್ಲ, ಅದು ಮೂಲ ಸ್ವರದ ಮೇಲೆ ಪದರ ಪದರವಾಗಿ ಸಾವಿರಾರು ಹರ್ಟ್ಸ್‌ವರೆಗೆ ಏರುವ ಉಪಸ್ವರಗಳದು. ಅವರ ಕಿವಿ ಸೋತಿದ್ದು ಅಲ್ಲಿ. ಕಾಗದವನ್ನು ತುಂಬಾ ಹೊತ್ತು ನೋಡಿದರು. ಅಳುತ್ತಾರೇನೋ ಎಂದುಕೊಂಡೆ. 'ಹಾಗಾದ್ರೆ ತಂಬೂರಿ ಸರಿಯಾಗೇ ಇದೆ' ಎಂದು ಉಸಿರು ಬಿಟ್ಟರು. ಎರಡು ವರ್ಷದಿಂದ ಅವರು ಸಂಜೆಯ ಸಾಧನೆಯನ್ನೇ ಬಿಟ್ಟಿದ್ದರಂತೆ, ನಾದವಿಲ್ಲದ ವಾದ್ಯದ ಜೊತೆ ಏನು ಹಾಡುವುದು ಎಂದು. ಅವತ್ತಿನಿಂದ ಮತ್ತೆ ಶುರು ಮಾಡಿದರು. ಜೀವಾಳ ಕೂರಿಸುವ ಕೆಲಸ ಈಗ ಆ ಹುಡುಗಿಯದು.

ನಮ್ಮ ಒಳಕಿವಿಯಲ್ಲಿ ಶಂಖದ ಆಕಾರದ ಒಂದು ಸುರುಳಿ ಇದೆ. ಅದರೊಳಗೆ ಒಂದೊಂದು ಕಿವಿಗೂ ಸುಮಾರು 15,000 ರೋಮಕೋಶಗಳು, ಸದ್ದನ್ನು ಹಿಡಿದು ನರಕ್ಕೆ ದಾಟಿಸುವ ಸೂಕ್ಷ್ಮ ಕೋಶಗಳು. ಶಂಖದ ಬಾಯಿಯ ಬಳಿ ಇರುವವು ಹೆಚ್ಚು ಹರ್ಟ್ಸ್‌ನ ಸಣ್ಣ ಚೂಪು ಸದ್ದುಗಳಿಗೆ, ಒಳತುದಿಯಲ್ಲಿರುವವು ಮಂದ್ರಕ್ಕೆ. ಬಾಯಿಯ ಬಳಿಯವು ಮೊದಲು ಸವೆಯುತ್ತವೆ, ಸವೆದದ್ದು ಮತ್ತೆ ಹುಟ್ಟುವುದಿಲ್ಲ. ಎಳೆಯ ಕಿವಿ 20ರಿಂದ 20,000 ಹರ್ಟ್ಸ್‌ವರೆಗೆ ಕೇಳುತ್ತದೆ. ಮೇಲಿನ ತುದಿ ಇಪ್ಪತ್ತರ ಹರೆಯದಿಂದಲೇ ಸದ್ದಿಲ್ಲದೆ ಕಡಿಮೆಯಾಗುತ್ತಾ ಬಂದಿರುತ್ತದೆ. ಅಲ್ಲಿ ನಮಗೆ ಬೇಕಾದ್ದು ಹೆಚ್ಚಿಲ್ಲವಾದ್ದರಿಂದ ಗೊತ್ತಾಗುವುದಿಲ್ಲ. ಇಳಿತ 4000, 3000ದ ಹತ್ತಿರ ಬಂದಾಗ ಗೊತ್ತಾಗುತ್ತದೆ. ಯಾಕೆಂದರೆ ವ್ಯಂಜನಗಳು ವಾಸವಿರುವುದು ಅಲ್ಲಿ.

ನಿಮ್ಮ 'ದನಿ ಕೇಳಿಸುತ್ತದೆ, ಸಾಹಿತ್ಯ ಕೇಳಿಸುವುದಿಲ್ಲ' ಎನ್ನುವ ದೂರಿಗೆ ಉತ್ತರ ಇದೇ. ಅ, ಆ, ಓ ಇವೆಲ್ಲ ಕೆಳಗಿನ ಹರ್ಟ್ಸ್‌ನಲ್ಲಿ ಗಟ್ಟಿಯಾಗಿ ಬರುತ್ತವೆ, ಹಾಡುವವರು ಉಸಿರು ಕೊಟ್ಟು ಎಳೆಯುವುದೂ ಅವನ್ನೇ. ಸ, ಶ, ತ, ಕ, ಪ ಮೇಲಿನವು, ಮೃದು, ಕ್ಷಣಮಾತ್ರ ಬಂದು ಹೋಗುವಂಥವು. ಅವು ಉದುರಿದರೆ ಕದ, ಪದ, ಹದ ಎಲ್ಲ ಒಂದೇ ಥರ ಕೇಳಿಸುತ್ತವೆ. ಗೊತ್ತಿರುವ ದೇವರನಾಮವಾದರೆ ಮನಸ್ಸೇ ಅಕ್ಷರ ತುಂಬಿಕೊಳ್ಳುತ್ತದೆ. ಹೊಸ ಕೃತಿ, ಹೊಸ ಕವಿತೆ ಬಂದಾಗ ತಡವರಿಸುತ್ತದೆ. 'ಈಗಿನವರ ಉಚ್ಚಾರಣೆ ಸರಿಯಿಲ್ಲ' ಎನ್ನುವ ಮಾತು ಹಿರಿಯ ಶ್ರೋತೃಗಳಿಂದ ಪದೇ ಪದೇ ಬರುತ್ತದೆ. ಕೆಲವು ಸಲ ಅದು ನಿಜವಿರಬಹುದು. ಆದರೆ ಹಾಗೆ ಹೇಳುವ ಮೊದಲು ಒಂದು ಸಲ ಆಡಿಯೋಗ್ರಾಂ ಮಾಡಿಸಿಕೊಳ್ಳಬೇಕು ಎಂದು ನಾನು ಪ್ರಾಮಾಣಿಕವಾಗಿ ಕೇಳಿಕೊಳ್ಳುತ್ತೇನೆ. ಚಿಕ್ಕ ವಯಸ್ಸಿನ ಗಾಯಕರಿಗೆ ಆ ಮಾತು ತುಂಬ ನೋವು ಕೊಡುತ್ತದೆ. ಪರೀಕ್ಷೆಗೂ ಮುಂಚೆ ಕಿವಿಯಲ್ಲಿ ಗುಗ್ಗೆ ಕಟ್ಟಿದೆಯಾ ನೋಡಿಸಿ. ಬರೀ ಗುಗ್ಗೆ ತೆಗೆದು ಸಂಗೀತ ವಾಪಸು ಪಡೆದವರೂ ಇದ್ದಾರೆ.

ಬಯಲಿನ ಕಾರ್ಯಕ್ರಮದಲ್ಲಿ ನಿಮಗೆ ತಡೆಯಲಾಗದೇ ಹೋದದ್ದಕ್ಕೂ ಇದೇ ಬೇರು. ಕೇಳುವಿಕೆ ಕಡಿಮೆಯಾದವರಿಗೆ ದೊಡ್ಡ ಸದ್ದು ಕಡಿಮೆ ಕೇಳಬೇಕಲ್ಲವೇ ಎಂದು ಎಲ್ಲರೂ ಅಂದುಕೊಳ್ಳುತ್ತಾರೆ. ಹಾಗಲ್ಲ. ಸೂಕ್ಷ್ಮ ಸದ್ದನ್ನು ಹಿಗ್ಗಿಸಿ ಕೊಡುವ ಹೊರಸಾಲಿನ ರೋಮಕೋಶಗಳು ಸೋತಾಗ ಸಣ್ಣ ಸದ್ದು ಕೇಳಿಸದೇ ಹೋಗುತ್ತದೆ, ದೊಡ್ಡ ಸದ್ದು ಮೊದಲಿನಷ್ಟೇ ದೊಡ್ಡದಾಗಿ ಬಂದು ಬಡಿಯುತ್ತದೆ. ಹಿತದ ಅಂತರ ಕಿರಿದಾಗುತ್ತದೆ. ಮನೆಯಲ್ಲಿ ಅಜ್ಜ 'ಏನಂದೆ, ಜೋರಾಗಿ ಹೇಳು' ಎಂದು, ಜೋರಾಗಿ ಹೇಳಿದ ತಕ್ಷಣ 'ಯಾಕೆ ಕಿರುಚ್ತೀಯ' ಎಂದು ಸಿಡುಕುತ್ತಾರಲ್ಲ, ಅದೇ ಇದು. ಅಜ್ಜನ ಸ್ವಭಾವದ ದೋಷವಲ್ಲ.

ಮಗಳಿಗೆ ಇದನ್ನೂ ಓದಿ ಹೇಳಿ: ಅವತ್ತಿನ ಸದ್ದು ಅವಳ ಕಿವಿಗೂ ಒಳ್ಳೆಯದಲ್ಲ. ಕೆಲಸದ ಜಾಗಗಳಿಗೆ ಹಾಕಿದ ಲೆಕ್ಕ ಒಂದಿದೆ. 85 ಡೆಸಿಬಲ್ ಸದ್ದಿನಲ್ಲಿ ದಿನಕ್ಕೆ ಎಂಟು ಗಂಟೆ ಇರಬಹುದು, ಅದರ ಮೇಲೆ ಪ್ರತಿ 3 ಡೆಸಿಬಲ್‌ಗೆ ಅವಧಿ ಅರ್ಧಕ್ಕಿಳಿಯಬೇಕು. 94ಕ್ಕೆ ಒಂದು ಗಂಟೆ. 100 ಆದರೆ ಹದಿನೈದೇ ನಿಮಿಷ. ಪಕ್ಕದಲ್ಲಿ ನಿಂತವರಿಗೆ ಕೂಗಿ ಹೇಳಬೇಕಾದ ಸ್ಥಿತಿ ಬಂತೆಂದರೆ ನೀವು 85 ದಾಟಿದ್ದೀರಿ ಎಂದೇ ಲೆಕ್ಕ. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಇಂಥ ಕಾರ್ಯಕ್ರಮಗಳಿಗೆಂದೇ ಮಾರ್ಗಸೂಚಿ ಹೊರಡಿಸಿದೆ. ಸರಾಸರಿ ಸದ್ದು 100 ಡೆಸಿಬಲ್ ಮೀರಬಾರದು, ಬಂದವರಿಗೆ ಕಿವಿಗೆ ಹಾಕಿಕೊಳ್ಳುವ ಪ್ಲಗ್ ಸಿಗಬೇಕು, ಸ್ವಲ್ಪ ಹೊತ್ತು ಕಿವಿಗೆ ವಿರಾಮ ಕೊಡಲು ಶಾಂತವಾದ ಜಾಗ ಇರಬೇಕು ಎಂದು. ನಮ್ಮ ಗಣಪತಿ ಪೆಂಡಾಲಿನ ರಸಮಂಜರಿಯಲ್ಲಿ, ಜಾತ್ರೆಯ ಆರ್ಕೆಸ್ಟ್ರಾದಲ್ಲಿ ಈ ಮೂರರಲ್ಲಿ ಒಂದನ್ನಾದರೂ ನಾನು ಈವರೆಗೆ ಕಂಡಿಲ್ಲ. ಸಂಘಟಕರು ಮನಸ್ಸು ಮಾಡಿದರೆ ಇದು ಖರ್ಚಿನ ಕೆಲಸವೇ ಅಲ್ಲ.

ನನ್ನ ಎಡಗಿವಿಯಲ್ಲೂ ಒಂದು ಸಣ್ಣ ಸಿಳ್ಳೆ ಇದೆ. ವೈದ್ಯಕೀಯ ಓದುವಾಗ ಒಂದು ಜಾತ್ರೆಯ ಆರ್ಕೆಸ್ಟ್ರಾದಲ್ಲಿ ಜಾಗ ಸಿಗದೆ ಸ್ಪೀಕರ್ ಬಾಕ್ಸಿಗೇ ಬೆನ್ನು ಕೊಟ್ಟು ಮೂರು ಗಂಟೆ ಕೂತಿದ್ದೆ. ಮೂರು ದಿನಕ್ಕೆ ಸರಿಹೋಯಿತು ಎಂದುಕೊಂಡೆ. ಸರಿಹೋಗಿರಲಿಲ್ಲ, ರಾತ್ರಿ ಮಳೆ ನಿಂತು ಮನೆ ನಿಶ್ಶಬ್ದವಾದಾಗ ಇವತ್ತಿಗೂ ಕೇಳುತ್ತದೆ. 2009ರಲ್ಲಿ ಬಾಸ್ಟನ್ನಿನ ಸಂಶೋಧಕರು ಇಲಿಗಳ ಮೇಲೆ ಮಾಡಿದ ಒಂದು ಅಧ್ಯಯನ ನಮ್ಮ ಕ್ಷೇತ್ರದಲ್ಲಿ ದೊಡ್ಡ ತಿರುವು. ಜೋರು ಸದ್ದಿನ ನಂತರ ಇಲಿಗಳ ಕಿವಿ ಪರೀಕ್ಷೆಯಲ್ಲಿ ಪೂರ್ತಿ ಮೊದಲಿನಂತಾಗಿತ್ತು, ಆದರೆ ಒಳಗೆ ರೋಮಕೋಶಕ್ಕೂ ನರಕ್ಕೂ ಇರುವ ಕೊಂಡಿಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಕೆಲವು ಭಾಗಗಳಲ್ಲಿ ಶಾಶ್ವತವಾಗಿ ಕಳಚಿಹೋಗಿದ್ದವು. ಹಾಗಾಗಿ 'ಎರಡು ದಿನಕ್ಕೆ ಸರಿಹೋಯ್ತಲ್ಲ' ಎಂಬ ಧೈರ್ಯ ಬೇಡ. ಪ್ಲಗ್ ಹಾಕಿಕೊಂಡು ಹೋಗಲಿ ಅವಳು. ಮೆಡಿಕಲ್ ಶಾಪಿನಲ್ಲಿ ಸಿಗುವ ಸ್ಪಂಜಿನದು ಸದ್ದನ್ನು ತಗ್ಗಿಸುತ್ತದೆ, ಆದರೆ ಮೇಲಿನ ಸ್ವರಗಳನ್ನು ಹೆಚ್ಚು ನುಂಗಿ ಹಾಡನ್ನು ಮಂಕು ಮಾಡುತ್ತದೆ. ಸಂಗೀತಕ್ಕೆಂದೇ ಮಾಡಿದ ಫಿಲ್ಟರ್ ಇರುವವು ಬರುತ್ತವೆ, ಅವು ಮೇಲಿನದು ಕೆಳಗಿನದು ಎರಡನ್ನೂ ಸಮವಾಗಿ ತಗ್ಗಿಸುತ್ತವೆ. ನಿಮಗೂ ಒಂದು ಜೊತೆ ತೆಗೆದುಕೊಳ್ಳಿ.

ಎಲ್ಲಿ ಕೂರುತ್ತೀರಿ ಎನ್ನುವುದು ಇನ್ನೂ ಮುಖ್ಯ. ಬಯಲಿನಲ್ಲಿ ಸಾಮಾನ್ಯ ಸ್ಪೀಕರ್ ಬಾಕ್ಸಿನಿಂದ ದೂರ ಇಮ್ಮಡಿಯಾದಾಗಲೆಲ್ಲ ಸುಮಾರು 6 ಡೆಸಿಬಲ್ ಇಳಿಯುತ್ತದೆ. ಐದು ಮೀಟರಿನಿಂದ ಇಪ್ಪತ್ತು ಮೀಟರಿಗೆ ಸರಿದರೆ 12 ಡೆಸಿಬಲ್ ಕಡಿಮೆ, ಮೇಲಿನ ಲೆಕ್ಕದಂತೆ ಕಿವಿಗೆ ಹದಿನಾರು ಪಟ್ಟು ಹೆಚ್ಚು ಸಮಯ ಸಿಕ್ಕಿತು. ಕಾಲೇಜಿನ ಕಾಲದ ಮುಂದಿನ ಸಾಲಿನ ಹಟ ಬಯಲಿನಲ್ಲಿ ಬೇಡ. ಆದರೆ ಮೈಕು ಹದವಾಗಿಟ್ಟ ಕಛೇರಿಯಲ್ಲಿ, ಮನೆ ಜಗಲಿಯ ಕಾರ್ಯಕ್ರಮದಲ್ಲಿ ಮುಂದಿನ ಸಾಲೇ ಬೇಕು. ಅಲ್ಲಿ ಹಾಡುವವರ ತುಟಿ ಕಾಣುತ್ತದೆ. ತುಟಿ ಕಂಡರೆ ಪ, ಮ, ವ ಕಣ್ಣಿಗೇ ಕೇಳಿಸುತ್ತವೆ, ಅರ್ಧ ಸಾಹಿತ್ಯ ಹಾಗೆ ವಾಪಸು ಬರುತ್ತದೆ. ಕುವೆಂಪು ರಂಗಮಂದಿರದಂಥ ಸಭಾಂಗಣದಲ್ಲಾದರೆ ನಾನು ಮುಂದಿನಿಂದ ಮೂರನೇ ಒಂದು ಭಾಗದಲ್ಲಿ, ನಡುವಿಗೆ, ಗೋಡೆ ಬದಿಯ ಬಾಕ್ಸುಗಳಿಂದ ಆದಷ್ಟು ದೂರ ಕೂರುತ್ತೇನೆ. ಫ್ಯಾನಿನ ಕೆಳಗೆ ಕೂರಬೇಡಿ. ಅದರ ಸುಯ್ಯಾಟ ಮುಚ್ಚುವುದು ಸರಿಯಾಗಿ ನಿಮಗೆ ಕಷ್ಟವಾಗಿರುವ ಅಕ್ಷರಗಳನ್ನೇ. ಮಳೆಗಾಲದಲ್ಲಿ ತಗಡಿನ ಶೀಟಿನ ಹಾಲ್‌ಗಳಿಗೆ ಹೋಗುವುದನ್ನು ನಾನು ಬಿಟ್ಟೇಬಿಟ್ಟಿದ್ದೇನೆ. ಆಷಾಢದ ಮಳೆ ಹಿಡಿದರೆ ಸೌಂಡಿನವರು ಮೈಕು ಏರಿಸುತ್ತಾರೆ, ಮಳೆ ಇನ್ನೂ ಏರುತ್ತದೆ, ಕೊನೆಗೆ ಯಾರಿಗೂ ಏನೂ ಕೇಳುವುದಿಲ್ಲ.

ಮೈಯ ವಿಷಯ ಚುಟುಕಾಗಿ. ವಯಸ್ಸಾದಂತೆ ನಿದ್ದೆಯ ಗಡಿಯಾರ ಹಿಂದಕ್ಕೆ ಸರಿಯುತ್ತದೆ. ಸಂಜೆ ಬೇಗ ಜೊಂಪು, ಬೆಳಿಗ್ಗೆ ಬೇಗ ಎಚ್ಚರ. ಒಂಬತ್ತೂವರೆಗೆ ಮನೆ ನೆನಪಾಗುವುದು ರಸಿಕತನದ ಕೊರತೆಯಲ್ಲ. ಕಾರ್ಯಕ್ರಮದ ದಿನ ಮಧ್ಯಾಹ್ನ ಅರ್ಧ ಗಂಟೆ ಮಲಗಿ. ಜಮಖಾನೆಯ ಮೇಲೆ ಕೂತು ಮಂಡಿ ಹಿಡಿದುಕೊಂಡರೆ ಗಮನವೆಲ್ಲ ಮಂಡಿಯಲ್ಲೇ ಇರುತ್ತದೆ, ನಾಚಿಕೆಯಿಲ್ಲದೆ ಕುರ್ಚಿ ಕೇಳಿ. ರಾತ್ರಿ ನೀವೇ ಗಾಡಿ ಓಡಿಸಿಕೊಂಡು ಮಂಡಗದ್ದೆ ದಾರಿಯಲ್ಲಿ ವಾಪಸು ಹೋಗುವವರಾದರೆ ಕಣ್ಣು ಒಮ್ಮೆ ತೋರಿಸಿ. ಐವತ್ತರ ನಂತರ ಎದುರಿನ ಹೆಡ್‌ಲೈಟು ಚದುರಿ ಕಾಣತೊಡಗುತ್ತದೆ, ಕಾಡಿನ ತಿರುವಿನಲ್ಲಿ ಮಂಜಿದ್ದರಂತೂ ಕೇಳುವುದೇ ಬೇಡ. ಎಷ್ಟೋ ಜನ ಕಛೇರಿಗೆ ಬರುವುದು ನಿಲ್ಲಿಸಿದ್ದು ಆ ದಾರಿಯ ಹೆದರಿಕೆಯಿಂದ, ಸಂಗೀತ ಬೇಡವಾಗಿ ಅಲ್ಲ. ನಾಲ್ಕು ಜನ ಸೇರಿ ಒಂದು ಕಾರು ಮಾಡಿಕೊಂಡರೆ ಅದು ಮುಗಿಯುತ್ತದೆ. ಕಾರ್ಯಕ್ರಮಗಳೂ ಮೊದಲಿನಷ್ಟು ಉದ್ದವಿಲ್ಲ. ಕರ್ನಾಟಕ ಸಂಗೀತದ ಹಿರಿಯ ಗಾಯಕ ಅರಿಯಕುಡಿ ರಾಮಾನುಜ ಅಯ್ಯಂಗಾರ್ಯರು ಇವತ್ತಿನ ಕಛೇರಿ ಪದ್ಧತಿಗೆ ರೂಪ ಕೊಟ್ಟ ಕಾಲದಲ್ಲಿ ನಾಲ್ಕು ಗಂಟೆ ಹಾಡುವುದು ಸಾಮಾನ್ಯವಾಗಿತ್ತು, ಈಗ ಎರಡು, ಎರಡೂವರೆ ಗಂಟೆಗೆ ಮಂಗಳ ಬರುತ್ತದೆ. ಯಕ್ಷಗಾನದಲ್ಲೂ ಕಾಲಮಿತಿ ಬಂದಿದೆ. ಬೆಳತನಕದ ಆಟ ಹೋಯಿತು ಎಂದು ನಾನೂ ಕೊರಗಿದವನೇ, ಆದರೆ ಮಧ್ಯರಾತ್ರಿಗೆ ಮುಗಿಯುವ ಆಟಕ್ಕೆ ಎಪ್ಪತ್ತರ ಹಿರಿಯರು ಬಂದು ಕೂತದ್ದು ನೋಡಿದ ಮೇಲೆ ಆ ಕೊರಗು ಇಲ್ಲ.

ಇನ್ನು ಆಲಾಪನೆಗೆ ಬರುವ ಕಣ್ಣೀರು. ನಿಮ್ಮ ಪತ್ರದಲ್ಲಿ ನನಗೆ ಅತ್ಯಂತ ಸಂತೋಷ ಕೊಟ್ಟ ಸಾಲು ಅದು, ನೀವು ಮಾತ್ರ ಅದನ್ನು ದೂರಿನ ಪಟ್ಟಿಗೆ ಸೇರಿಸಿದ್ದೀರಿ. 2011ರಲ್ಲಿ ಕೆನಡಾದ ಮಾಂಟ್ರಿಯಲ್‌ನ ಸಂಶೋಧಕರು, ಸಂಗೀತ ಕೇಳಿ ಮೈ ಜುಮ್ಮೆನ್ನುವವರ ಮಿದುಳನ್ನು ಸ್ಕ್ಯಾನ್ ಮಾಡಿ ನೋಡಿದರು. ಆ ಜುಮ್ಮೆನ್ನುವ ಕ್ಷಣದಲ್ಲಿ ಡೋಪಮೈನ್ ಎಂಬ ರಾಸಾಯನಿಕ ಬಿಡುಗಡೆಯಾಗುತ್ತದೆ. ಅದಕ್ಕಿಂತ ಮುಂಚೆ, ಆ ಕ್ಷಣ ಬರಲಿದೆ ಎಂದು ಕಾಯುವಾಗಲೂ ಮಿದುಳಿನ ಇನ್ನೊಂದು ಭಾಗದಲ್ಲಿ ಬಿಡುಗಡೆಯಾಗುತ್ತದೆ. ಕಾಯುವುದೂ ಸುಖದ ಭಾಗವೇ. ಆದರೆ ಕಾಯಬೇಕಾದರೆ ಏನು ಬರಲಿದೆ ಎಂಬ ಅಂದಾಜು ಬೇಕು. ಇಪ್ಪತ್ತರಲ್ಲಿ ನಿಮಗೆ ಕಲ್ಯಾಣಿ ರಾಗದ ದಾರಿ ಗೊತ್ತಿರಲಿಲ್ಲ, ಅದಕ್ಕೆ ಆಲಾಪನೆ ಮುಗಿದು ಹಾಡು ಯಾವಾಗ ಬಂದೀತು ಎಂದು ಕೂತಿರುತ್ತಿದ್ದಿರಿ. ಮೂವತ್ತು ವರ್ಷ ಆ ರಾಗ ರೇಡಿಯೋದಲ್ಲಿ, ಮದುವೆಮನೆಯ ನಾದಸ್ವರದಲ್ಲಿ, ಪಕ್ಕದ ಮನೆಯ ಪಾಠದಲ್ಲಿ ನಿಮಗೆ ಗೊತ್ತಿಲ್ಲದೆಯೇ ಒಳಗೆ ಇಳಿದಿದೆ. ಈಗ ಗಾಯಕರು ನಿಷಾದದ (ನಿ) ಮೇಲೆ ನಿಂತು, ಮೇಲಿನ ಷಡ್ಜಕ್ಕೆ (ಸ) ಹೋಗದೆ, ಇನ್ನೂ ಹೋಗದೆ, ಒಂದು ಸುತ್ತು ಹಿಂದಿರುಗಿ ಮತ್ತೆ ನಿಷಾದಕ್ಕೇ ಬಂದು ನಿಂತಾಗ ನಿಮ್ಮ ಉಸಿರು ಅಲ್ಲೇ ನಿಲ್ಲುತ್ತದೆ. ಷಡ್ಜ ಬಂತು, ಕಣ್ಣು ತುಂಬಿತು. ಇಷ್ಟು ವರ್ಷ ಕೇಳದ ಹೊರತು ಈ ಕಣ್ಣೀರು ಯಾರಿಗೂ ದಕ್ಕುವುದಿಲ್ಲ. ನಿಮ್ಮ ಮಗಳಿಗೆ ಅದಿನ್ನೂ ಬಂದಿಲ್ಲ, ಬರಲಿಕ್ಕೆ ಸಮಯವಿದೆ.

ಯಕ್ಷಗಾನದ ಆಟದಲ್ಲೂ ಹೀಗೇ ಅಲ್ಲವೇ? ಮಕ್ಕಳಾಗಿದ್ದಾಗ ಚಾಪೆಯ ಮೇಲೆ ಮುದುಡಿ ಮಲಗಿರುತ್ತಿದ್ದೆವು, ರಾಕ್ಷಸ ವೇಷ ಬಂದಾಗ ಎಬ್ಬಿಸಿ ಎಂದು ಅಪ್ಪನಿಗೆ ಹೇಳಿ. ಚಂಡೆ ಜೋರಾದಾಗ ಎದ್ದು ಕಣ್ಣುಜ್ಜಿಕೊಂಡು ನೋಡುವುದು, ಮತ್ತೆ ಮಲಗುವುದು. ಹರೆಯದಲ್ಲಿ ಕುಣಿತಕ್ಕೆ ಹೋದೆವು. ಈಗ ನಾನು ಹೋಗುವುದು ಭಾಗವತರ ಪದ್ಯಕ್ಕೆ, ಅರ್ಥಧಾರಿಯ ಒಂದು ಒಳ್ಳೆಯ ಮಾತಿಗೆ. ರಂಗಸ್ಥಳ ಅದೇ, ಪ್ರಸಂಗವೂ ಅದೇ.

ಹದಿಹರೆಯದಿಂದ ಇಪ್ಪತ್ತೈದು ಮೂವತ್ತರವರೆಗೆ ಕೇಳಿದ ಹಾಡುಗಳು ಉಳಿದೆಲ್ಲಕ್ಕಿಂತ ಆಳವಾಗಿ ನೆನಪಿನಲ್ಲಿ ಉಳಿಯುತ್ತವೆ ಎನ್ನುವುದನ್ನು ಮನಶ್ಶಾಸ್ತ್ರದ ಅಧ್ಯಯನಗಳು ಮತ್ತೆ ಮತ್ತೆ ತೋರಿಸಿವೆ. ನೀವು ಕಾಲೇಜಿನಲ್ಲಿದ್ದದ್ದು 90ರ ದಶಕದ ಮೊದಲ ಭಾಗ. ಮೈಸೂರು ಅನಂತಸ್ವಾಮಿ, ಸಿ. ಅಶ್ವಥ್, ನಮ್ಮದೇ ಹೊಸನಗರ ತಾಲ್ಲೂಕಿನ ನಗರದವರಾದ ಶಿವಮೊಗ್ಗ ಸುಬ್ಬಣ್ಣ, ಮೂವರೂ ಹಾಡುತ್ತಿದ್ದ ಕಾಲ. ಅನಂತಸ್ವಾಮಿ 1995ರಲ್ಲಿ ಹೋದರು, ಅಶ್ವಥ್ 2009ರಲ್ಲಿ, ಸುಬ್ಬಣ್ಣ 2022ರಲ್ಲಿ. ಯಕ್ಷಗಾನದವರಿಗೆ ಭಾಗವತ ಕಾಳಿಂಗ ನಾವಡರು 1990ರಲ್ಲೇ ಹೋಗಿದ್ದರು, 32 ಕೂಡ ತುಂಬಿರಲಿಲ್ಲ. ಅಭಿಮಾನಿಗೆ ವಯಸ್ಸಾಗುವುದರಲ್ಲಿ ಕಿವಿ ಮಂಡಿಗಳಿಗಿಂತ ದೊಡ್ಡ ನೋವು ಇದು, ಇದಕ್ಕೆ ನನ್ನ ಬಳಿ ಔಷಧಿಯಿಲ್ಲ. ವೇದಿಕೆಯ ಮೇಲೆ ಬೇರೆ ಯಾರೋ ಆ ಹಾಡು ಎತ್ತಿಕೊಂಡಾಗ ನಾವು ಕೇಳುವುದು ಎರಡು ದನಿಗಳನ್ನು, ಎದುರಿನದನ್ನೂ ಹೋದವರದ್ದನ್ನೂ. ಹೊಸಬರಿಗೆ ಇದರಿಂದ ಅನ್ಯಾಯವಾಗುತ್ತದೆ. ಒಬ್ಬ ಹೊಸ ಗಾಯಕಿಯನ್ನೋ ಗಾಯಕನನ್ನೋ ಆರಿಸಿಕೊಂಡು, ಅವರ ಮೂರು ನಾಲ್ಕು ಕಾರ್ಯಕ್ರಮಗಳನ್ನು ಬಿಡದೆ ಕೇಳಿ ಎಂದು ನನ್ನ ಸ್ನೇಹಿತರಿಗೆಲ್ಲ ಹೇಳುತ್ತೇನೆ. ಮೊದಲ ಸಲ ಹೋಲಿಕೆ ಕಾಡುತ್ತದೆ, ಮೂರನೇ ಸಲಕ್ಕೆ ಅವರದೇ ದನಿ ಕೇಳಿಸತೊಡಗುತ್ತದೆ.

ನೀವು ಹೆಣ್ಣುಮಗಳಾದ್ದರಿಂದ ಇನ್ನೊಂದು ಮಾತು ಹೇಳಲೇಬೇಕು. ನಮ್ಮ ಕಡೆ ಎಷ್ಟೋ ಹೆಣ್ಣುಮಕ್ಕಳಿಗೆ ಮದುವೆಯ ನಂತರ ಇಪ್ಪತ್ತು ಇಪ್ಪತ್ತೈದು ವರ್ಷ ಕಛೇರಿ ಎನ್ನುವುದೇ ಇರುವುದಿಲ್ಲ. ಮಕ್ಕಳ ಪರೀಕ್ಷೆ, ಅತ್ತೆಯ ಔಷಧಿ, ಅಡಿಕೆ ಕೊನೆ ಕೊಯ್ಲು, ಕೊನೆಯ ಬಸ್ಸು. ಅಪ್ಪನ ಜೊತೆ ಆಟಕ್ಕೆ ಹೋದವಳು ಗಂಡನ ಮನೆಯಲ್ಲಿ ರಾತ್ರಿ ಹೊರಗೆ ಹೊರಡಲಾರಳು. ಆ ಬಾಗಿಲು ಮತ್ತೆ ತೆರೆಯುವುದು ಐವತ್ತರ ಹೊತ್ತಿಗೆ. ರಾಮನವಮಿ ಸಂಗೀತೋತ್ಸವದ ಪೆಂಡಾಲಿನಲ್ಲಿ ಸುಮ್ಮನೆ ಒಮ್ಮೆ ಹಿಂದಿರುಗಿ ನೋಡಿ, ಅರ್ಧಕ್ಕಿಂತ ಹೆಚ್ಚು ಕುರ್ಚಿಯಲ್ಲಿ ಆ ವಯಸ್ಸಿನ ಹೆಂಗಸರಿರುತ್ತಾರೆ. ಅವರಿಗೆ ಸಿಕ್ಕಿರುವ ಎರಡನೇ ಸರದಿ ಅದು. ಸರಿಯಾಗಿ ಅದೇ ಹೊತ್ತಿಗೆ ಕಿವಿಯೂ ಸಣ್ಣಗೆ ತಕರಾರು ಶುರು ಮಾಡುತ್ತದೆ ಎನ್ನುವುದು ನನಗೆ ನಿಜಕ್ಕೂ ಬೇಸರದ ವಿಷಯ. ಹಾಗಾಗಿಯೇ ಅವರು ಪರೀಕ್ಷೆ ಮುಂದೂಡುವುದನ್ನು ನಾನು ಒಪ್ಪುವುದಿಲ್ಲ.

ಪರೀಕ್ಷೆಯಲ್ಲಿ ಶ್ರವಣಯಂತ್ರ ಬೇಕು ಎಂದು ಬಂದರೆ ಹೆದರಬೇಡಿ, ಆದರೆ ಒಂದು ವಿಷಯ ತಿಳಿದಿರಿ. ಆ ಯಂತ್ರಗಳನ್ನು ಮುಖ್ಯವಾಗಿ ಮಾತು ಕೇಳಿಸಲೆಂದು ಮಾಡಿರುತ್ತಾರೆ. ಸಣ್ಣದನ್ನು ಹಿಗ್ಗಿಸಿ, ದೊಡ್ಡದನ್ನು ಅದುಮಿ, ಒಂದೇ ಸಮ ಉದ್ದಕ್ಕೆ ಬರುವ ಸದ್ದನ್ನು ಗದ್ದಲ ಎಂದುಕೊಂಡು ತೆಗೆದುಹಾಕಲು ನೋಡುತ್ತವೆ. ತಂಬೂರಿಯ ಶ್ರುತಿ, ಎಳೆದ ಕೊಳಲಿನ ಸ್ವರ ಅವಕ್ಕೆ ಗದ್ದಲದಂತೆಯೇ ಕಾಣುತ್ತವೆ. ಹಾಗಾಗಿ ಹೊಂದಿಸಿಕೊಡುವವರಿಗೆ 'ನಾನು ಕಛೇರಿಗೆ ಹೋಗುವವಳು, ಸಂಗೀತಕ್ಕೆ ಬೇರೆ ಪ್ರೋಗ್ರಾಂ ಹಾಕಿಕೊಡಿ' ಎಂದು ಬಾಯಿ ಬಿಟ್ಟು ಕೇಳಿ. ಕೇಳದಿದ್ದರೆ ಅವರಿಗೆ ಗೊತ್ತಾಗುವುದಿಲ್ಲ. ಮೊದಲ ಒಂದೆರಡು ತಿಂಗಳು ಎಲ್ಲ ತಗಡಿನ ಸದ್ದಿನ ಹಾಗಿರುತ್ತದೆ, ಮಿದುಳು ಮರೆತ ಸ್ವರಗಳನ್ನು ಮತ್ತೆ ಕಲಿಯಬೇಕು.

ಅಲ್ಲಿಯವರೆಗೆ ಕಿವಿಗೆ ಸುಖ ಕೊಡುವಂಥದ್ದು ನಮ್ಮ ಪಕ್ಕದಲ್ಲೇ ಇದೆ, ಅದು ಗಮಕ. ತುಂಗೆಯ ದಡದ ಮತ್ತೂರು ಹೊಸಹಳ್ಳಿಗಳು ಇದಕ್ಕೆ ಹೆಸರಾದ ಊರುಗಳು. 2022ರಲ್ಲಿ ಪದ್ಮಶ್ರೀ ಪಡೆದ ಗಮಕಿ ಎಚ್.ಆರ್. ಕೇಶವಮೂರ್ತಿಯವರು ಹೊಸಹಳ್ಳಿಯವರೇ. ಗಮಕದಲ್ಲಿ ತಾಳವಾದ್ಯದ ಅಬ್ಬರವಿಲ್ಲ. ಒಬ್ಬರು ಪದ್ಯವನ್ನು ರಾಗದಲ್ಲಿ ಬಿಡಿಸಿ ಓದುತ್ತಾರೆ, ಇನ್ನೊಬ್ಬರು ಅರ್ಥ ಹೇಳುತ್ತಾರೆ. ಕಿವಿ ತಪ್ಪಿಸಿಕೊಂಡ ಅಕ್ಷರ ವ್ಯಾಖ್ಯಾನದಲ್ಲಿ ಮತ್ತೆ ಸಿಗುತ್ತದೆ. ಶಾಲೆಯಲ್ಲಿ ಮಕ್ಕಳಿಗೆ ಪದ್ಯ ಪಾಠ ಮಾಡುವ ನಿಮಗಂತೂ ಇದು ಹಿಡಿಸುತ್ತದೆ.

ಮುಂದಿನ ಶನಿವಾರ ಮಧ್ಯಾಹ್ನ ಶಾಲೆ ಮುಗಿಸಿಕೊಂಡು ಪರೀಕ್ಷೆಗೆ ಹೋಗಿಬನ್ನಿ, ಶಿವಮೊಗ್ಗದಲ್ಲಿ ಅರ್ಧ ಗಂಟೆಯ ಕೆಲಸ. ಮಗಳನ್ನೂ ಕರೆದುಕೊಂಡು ಹೋಗಿ, ಅವಳದ್ದೂ ಒಂದು ಆಗಲಿ. ಕಾಗದ ಕೈಗೆ ಬಂದಾಗ ಗೆರೆಯನ್ನು ಗಮನಿಸಿ. ಮೇಲಿನ ಹರ್ಟ್ಸ್ ಕಡೆಗೆ ಒಂದೇ ಸಮ ಇಳಿಜಾರಿದ್ದರೆ ಅದು ವಯಸ್ಸಿನದು. 4000ದ ಹತ್ತಿರ ಮಾತ್ರ ಗುಂಡಿ ಬಿದ್ದು 8000ಕ್ಕೆ ಮತ್ತೆ ಮೇಲೆ ಬಂದಿದ್ದರೆ ಅದು ಸದ್ದಿನ ಪೆಟ್ಟು. ಎರಡರಲ್ಲಿ ಯಾವುದು, ಯಾರ ಕಾಗದದಲ್ಲಿ ಎಂದು ನನಗೆ ಬರೆದು ತಿಳಿಸಿ.